ತಟ್ಟಿ ನೋಡಿದರೆ ಡಬಡಬ

ಒಂದು ಊರಿನ ಓವರ್‌ಹೆಡ್ ಟ್ಯಾಂಕ್. ಒಳಗೆ ಹೋಗುವ ನೀರಿಗಿಂತ ಹೊರಗೆ ಬರುವ ನೀರೇ ಜಾಸ್ತಿ ಅಂತ ಮೀಟರ್ ದಿನವೂ ತೋರಿಸುತ್ತಿತ್ತು. ಮೀಟರ್ ಹೊಸದು, ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಸರಿಯಿತ್ತು. ಕೇಬಲ್, ಅರ್ತಿಂಗ್, ಸೆಟ್ಟಿಂಗ್ ಎಲ್ಲ ಎರಡು ದಿನ ನೋಡಿದ್ದಾಯ್ತು. ಕೊನೆಗೆ ನೀರು ಬಿಡುವ ವಾಲ್ವ್‌ಮನ್ ಹೇಳಿದರು: "ಸಾರ್, ಇಳಿಜಾರಲ್ಲಿ ಆ ಪೈಪ್ ಪೂರ್ತಿ ತುಂಬಲ್ಲ. ಮೇಲೆ ತಟ್ಟಿ ನೋಡಿ, ಡಬಡಬ ಅನ್ನುತ್ತೆ."

ತಟ್ಟಿದೆ. ನಿಜ.

ಅದು ಮ್ಯಾಗ್ನೆಟಿಕ್ ಫ್ಲೋ ಮೀಟರ್. ಪೈಪಿಗೆ ಅಡ್ಡಲಾಗಿ ಕಾಂತಕ್ಷೇತ್ರ ಹಾಕಿದರೆ, ಅದರಲ್ಲಿ ಹರಿಯುವ ನೀರು ಚೂರು ವೋಲ್ಟೇಜ್ ಹುಟ್ಟಿಸುತ್ತದೆ. ನೀರು ಜೋರಾದಷ್ಟೂ ವೋಲ್ಟೇಜ್ ಜಾಸ್ತಿ. ಅಂದರೆ ಮೀಟರಿಗೆ ಗೊತ್ತಾಗುವುದು ವೇಗ ಮಾತ್ರ. ಪೈಪ್ ಬಾಯಿ ತುಂಬ ನೀರಿದೆ ಅಂತ ನಂಬಿಕೊಂಡು ಅದು ಗುಣಾಕಾರ ಮಾಡುತ್ತದೆ. ಮುಕ್ಕಾಲು ತುಂಬಿದ್ದರೂ ಪೂರ್ತಿ ಲೆಕ್ಕ! ಪೈಪನ್ನು ಸ್ವಲ್ಪ ತಗ್ಗಿಸಿ ಮತ್ತೆ ಮೇಲೆತ್ತಿ, ಸದಾ ನೀರು ನಿಲ್ಲುವ ಆ ತಗ್ಗಿನಲ್ಲಿ ಮೀಟರ್ ಕೂರಿಸಿದೆವು. ಮೀಟರಿಗೆ ನೀರು ಬರುವ ಕಡೆ ಪೈಪಿನ ವ್ಯಾಸದ ಐದರಷ್ಟು ಉದ್ದ ನೇರ ಪೈಪ್ ಬಿಟ್ಟೆವು. ಬೆಂಡ್ ಪಕ್ಕದಲ್ಲೇ ಮೀಟರ್ ಇಟ್ಟರೆ ಸುಳಿಯ ನೀರು ಲೆಕ್ಕ ಕೆಡಿಸುತ್ತದೆ. ಮೀಟರ್ ಕೂರಿಸುವ ಚೇಂಬರ್ ಚಿಕ್ಕದು ಮಾಡಿ ಸಿಮೆಂಟ್ ಉಳಿಸುವವರು ಇದನ್ನು ಕೇಳುವುದೇ ಇಲ್ಲ ಬಿಡಿ.

ಮನೆ ಮೀಟರಿಗೂ ಗಾಳಿಯದ್ದೇ ಕಾಟ. ನೀರು ಎರಡು ದಿನಕ್ಕೊಮ್ಮೆ ಬಿಟ್ಟರೆ ಖಾಲಿ ಪೈಪಲ್ಲಿ ಗಾಳಿ ತುಂಬಿರುತ್ತದೆ. ನೀರು ನೂಕಿದಾಗ ಆ ಗಾಳಿ ನಿಮ್ಮ ನಲ್ಲಿಯಲ್ಲೇ ಹೊರಬರುತ್ತದೆ, ಮೀಟರಿನ ಚಕ್ರ ಗಿರ್ರನೆ ತಿರುಗುತ್ತದೆ. "ಗಾಳಿಗೂ ಬಿಲ್ಲಾ?" ಅಂತ ಜನ ಬೈಯುವುದು ಸುಮ್ನೆ ಅಲ್ಲ. ಬೀದಿಯ ಎತ್ತರದ ಜಾಗಗಳಲ್ಲಿ ಗಾಳಿ ಹೊರಬಿಡುವ ಏರ್ ವಾಲ್ವ್ ಕೆಲಸ ಮಾಡುತ್ತಿದ್ದರೆ ಅರ್ಧ ಜಗಳ ಇರುವುದಿಲ್ಲ.

ಸೋರಿಕೆ ಹುಡುಕಲು ನನಗೆ ಇಷ್ಟದ ಹೊತ್ತು ರಾತ್ರಿ ಮೂರು ಗಂಟೆ. ಊರು ಮಲಗಿರುವಾಗಲೂ ಬಡಾವಣೆಯ ಮೀಟರ್ ಓಡುತ್ತಿದ್ದರೆ ಆ ನೀರು ಎಲ್ಲಿಗೆ? ಸೆಕೆಂಡಿಗೆ ಒಂದೇ ಲೀಟರ್ ಅಂದುಕೊಳ್ಳಿ. ದಿನಕ್ಕೆ 86,400 ಲೀಟರ್ ಆಯಿತು. ತಲೆಗೆ 135 ಲೀಟರ್ ಲೆಕ್ಕದಲ್ಲಿ 640 ಜನರ ನೀರು. ಎಲ್ಲವೂ ಸೋರಿಕೆಯಲ್ಲ, ಯಾರದೋ ಸಂಪ್ ತುಂಬುತ್ತಿರಬಹುದು. ಹಾಗಾಗಿ ಒಂದು ರಾತ್ರಿ ನೋಡಿ ರಸ್ತೆ ಅಗೆಯಬಾರದು. ಆದರೆ ಈ ಉಪಾಯಕ್ಕೆ ದಿನವಿಡೀ ನೀರು ಇರಬೇಕು. 2008ರ ಹೊತ್ತಿಗೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಿಗೆ 24 ಗಂಟೆ ನೀರು ಬಂತು. ಅಂಥ ಕಡೆ ಈ ಲೆಕ್ಕ ನಡೆಯುತ್ತದೆ. ಗಂಟೆ ಲೆಕ್ಕದಲ್ಲಿ ನೀರು ಬಿಡುವ ಊರಲ್ಲಿ ಮೂರು ಗಂಟೆಗೆ ಪೈಪೇ ಒಣಗಿರುತ್ತೆ, ಅಲ್ವಾ?

ಒಳಚರಂಡಿಯಲ್ಲಿ ಕತೆ ಬೇರೆ. ಅಲ್ಲಿ ಪೈಪ್ ತುಂಬುವುದೇ ಅಪರೂಪ. ಹಾಗಾಗಿ ಕಾಲುವೆಯನ್ನು ಒಂದೆಡೆ ಕಿರಿದು ಮಾಡಿ, ನೀರಿನ ಎತ್ತರವನ್ನು ಮೇಲಿಂದ ಅಲ್ಟ್ರಾಸಾನಿಕ್ ಸೆನ್ಸರಿನಲ್ಲಿ, ಅಂದರೆ ಶಬ್ದದ ಅಲೆ ಬಿಟ್ಟು ಪ್ರತಿಧ್ವನಿ ಹಿಡಿಯುವ ಸಾಧನದಲ್ಲಿ, ಅಳೆಯುತ್ತೇವೆ. ಆ ಎತ್ತರದಿಂದಲೇ ಹರಿವಿನ ಲೆಕ್ಕ. ಎತ್ತರ ನೂರಕ್ಕೆ ಹತ್ತು ತಪ್ಪಿದರೆ ಹರಿವಿನ ಲೆಕ್ಕ ಸುಮಾರು ಹದಿನೈದು ತಪ್ಪುತ್ತದೆ. ಅದಕ್ಕೇ ಸೋಪಿನ ನೊರೆ ಕಂಡರೆ ನನಗೆ ಭಯ. ಸೆನ್ಸರು ಕೆಲವೊಮ್ಮೆ ನೊರೆಯನ್ನೇ ನೀರು ಅಂದುಕೊಳ್ಳುತ್ತದೆ. ಹೊಸ ಜಾಗಕ್ಕೆ ಹೋದರೆ ಲ್ಯಾಪ್‌ಟಾಪ್ ತೆರೆಯುವ ಮೊದಲು ಮುಚ್ಚಳ ತೆಗೆಸಿ ಬಗ್ಗಿ ನೋಡುತ್ತೇನೆ. ವಾಲ್ವ್‌ಮನ್ ಎಲ್ಲಿ ಅಂತಲೂ ಕೇಳುತ್ತೇನೆ.