ಮನೆಯಂಗಳದ ಟವರಿಗೆ ಎಷ್ಟು ಎತ್ತರ ಸಾಕು?

ಮನೆಯಿಂದಲೇ ರೇಡಿಯೊ ಅಲೆಗಳನ್ನು ಬಿತ್ತರಿಸುವುದು ಮೈಸೂರಿಗೆ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ್ದು ತಮ್ಮ ಮನೆ ವಿಠ್ಠಲ ವಿಹಾರದಿಂದ. ಅವರ ಮಾತು ತಲುಪಬೇಕಾಗಿದ್ದುದು ಊರಿನ ಕೇಳುಗರಿಗೆ. ಇಂದು ಕೇಂದ್ರ ಸರ್ಕಾರದ ಪರವಾನಗಿ ಪಡೆದು ರೇಡಿಯೊದಲ್ಲಿ ಪರಸ್ಪರ ಮಾತಾಡುವ ಹವ್ಯಾಸಿಗಳು, ಅಂದರೆ ಹ್ಯಾಮ್‌ಗಳು, ಸಾಗರದಾಚೆ ಇರುವ ಇನ್ನೊಬ್ಬ ಹ್ಯಾಮ್‌ನನ್ನು ಹುಡುಕುತ್ತಾರೆ. ವಿಜಯನಗರ ಬಡಾವಣೆಯ ಗೆಳೆಯರೊಬ್ಬರು ತಮ್ಮ ಮನೆಯಂಗಳದಲ್ಲಿ ಟವರ್ ನಿಲ್ಲಿಸಿ ದೊಡ್ಡ ಆಂಟೆನಾ ಏರಿಸಲು ಹೊರಟಾಗ ನಾನೂ ಹಗ್ಗ ಹಿಡಿಯಲು ಹೋಗಿದ್ದೆ. ಅಲ್ಲಿ ನಡೆದ ಚರ್ಚೆಯಲ್ಲಿ ರೇಡಿಯೊಗಿಂತ ಹೆಚ್ಚಾಗಿ ಕೇಳಿಬಂದ ಪದ ‘ಗಾಳಿ’.

ಅವರು ಆರಿಸಿಕೊಂಡದ್ದು ಮೂರು ಎಲಿಮೆಂಟುಗಳ, ಅಂದರೆ ಮೂರು ಅಡ್ಡ ಕೊಳವೆಗಳ, ಯಾಗಿ ಆಂಟೆನಾ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಲೋಕಕ್ಕೆ ಪರಿಚಯಿಸಿದ ವಿನ್ಯಾಸವಿದು. ದೂರದರ್ಶನದ ಕಾಲದಲ್ಲಿ ನಮ್ಮ ತಾರಸಿಗಳ ಮೇಲೆ ಕಾಗೆಗಳಿಗೆ ಆಸನವಾಗಿದ್ದುದು ಇದೇ ಕುಲದ ಮರಿ. ನಡುವಿನ ಕೊಳವೆಗೆ ಮಾತ್ರ ಕೇಬಲ್ ಜೋಡಿಸಿರುತ್ತಾರೆ. ಹಿಂದಿನದು ತುಸು ಉದ್ದವಾಗಿದ್ದು ಅಲೆಗಳನ್ನು ಮುಂದಕ್ಕೆ ಪ್ರತಿಫಲಿಸುತ್ತದೆ, ಮುಂದಿನದು ತುಸು ಗಿಡ್ಡವಾಗಿದ್ದು ಅವನ್ನು ತನ್ನತ್ತ ಸೆಳೆದು ಮುಂದೆ ಸಾಗಿಸುತ್ತದೆ. ಟಿವಿ ಆಂಟೆನಾಕ್ಕೂ ಇದಕ್ಕೂ ವ್ಯತ್ಯಾಸವಿರುವುದು ಗಾತ್ರದಲ್ಲಿ. ಗೆಳೆಯರು ಬಳಸುವ 14 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 21 ಮೀಟರ್, ಎಲಿಮೆಂಟಿನ ಉದ್ದ ಹೆಚ್ಚುಕಡಿಮೆ ಅದರ ಅರ್ಧ. ಹೀಗೆ ಸುಮಾರು ಹತ್ತು ಮೀಟರ್ ಉದ್ದದ ಮೂರು ಅಲ್ಯೂಮಿನಿಯಂ ಕೊಳವೆಗಳು ಬೂಮ್ ಎಂಬ ಒಂದು ಉದ್ದ ದಂಡದ ಮೇಲೆ ಅಡ್ಡಲಾಗಿ ಕೂತು, ರೋಟೇಟರ್ ಮೋಟರಿನ ನೆರವಿನಿಂದ ಸುತ್ತಲೂ ತಿರುಗಬೇಕು. ತಿರುಗಲು ಬೇಕಾದ ವೃತ್ತದ ವ್ಯಾಸ ಸುಮಾರು 12 ಮೀಟರ್. ಮೂವತ್ತು–ನಲವತ್ತರ ಸೈಟಿನ ಅಗಲ ಒಂಬತ್ತು ಮೀಟರ್ ಮಾತ್ರ. ಅಲ್ಲಿ ಇದನ್ನು ಹೂಡಿದರೆ ಕೊಳವೆಯ ತುದಿ ಪಕ್ಕದ ಮನೆಯವರ ಒಣಹಾಕಿದ ಬಟ್ಟೆಗಳ ಮೇಲೆ ಹಾದುಹೋಗುತ್ತದೆ. ಗೆಳೆಯರದು ಪುಣ್ಯಕ್ಕೆ ನಲವತ್ತು–ಅರವತ್ತರ ಸೈಟು.

ಇಷ್ಟು ಭಾರಿ ಸಾಮಾನನ್ನು ತಾರಸಿಯ ಮೇಲೇ ಇಡಬಹುದಲ್ಲ, ಟವರ್ ಏಕೆ ಎಂದು ನೋಡಬಂದವರೆಲ್ಲ ಕೇಳಿದರು. ಅಲೆಗಳು ಎತ್ತರದಿಂದ ದೂರ ‘ಕಾಣುತ್ತವೆ’ ಎಂಬುದು ಸಾಮಾನ್ಯ ಊಹೆ, ಆದರೆ ಈ ತರಂಗಗಳ ವಿಷಯದಲ್ಲಿ ಕಾರಣ ಬೇರೆ. ಆಂಟೆನಾದಿಂದ ನೇರವಾಗಿ ಹೊರಟ ಅಲೆಯೂ ನೆಲಕ್ಕೆ ತಾಗಿ ಪ್ರತಿಫಲಿಸಿದ ಅಲೆಯೂ ಒಂದರೊಡನೊಂದು ಬೆರೆತು, ಕೆಲವು ಕೋನಗಳಲ್ಲಿ ಪರಸ್ಪರ ಬಲ ತುಂಬಿಕೊಳ್ಳುತ್ತವೆ, ಕೆಲವು ಕೋನಗಳಲ್ಲಿ ಅಳಿಸಿಹಾಕುತ್ತವೆ. ಬಲ ಕೂಡಿಬರುವ ಕೋನವನ್ನು ನಿರ್ಧರಿಸುವುದು ನೆಲದಿಂದ ಆಂಟೆನಾಕ್ಕಿರುವ ಎತ್ತರ. ಅದು 10 ಮೀಟರ್ ಇದ್ದರೆ ಅಲೆ ದಿಗಂತದಿಂದ ಸುಮಾರು 32 ಡಿಗ್ರಿ ಮೇಲ್ಮುಖವಾಗಿ ಹೊರಡುತ್ತದೆ. 15 ಮೀಟರಿಗೆ 20 ಡಿಗ್ರಿ, 20 ಮೀಟರಿಗೆ 15 ಡಿಗ್ರಿ. ಹೀಗೆ ಹೊರಟದ್ದು ಸುಮಾರು 300 ಕಿ.ಮೀ. ಮೇಲಿರುವ ಅಯಾನುಮಂಡಲದ (ವಿದ್ಯುತ್ ಕಣಗಳು ತುಂಬಿದ ಮೇಲ್ವಾತಾವರಣದ) ಎಫ್ ಪದರದಿಂದ ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ, ಪುಟಿದು ಮತ್ತೆ ಏರುತ್ತದೆ. 32 ಡಿಗ್ರಿಯಲ್ಲಿ ಹೊರಟ ಅಲೆಗೆ ಒಂದು ನೆಗೆತದಲ್ಲಿ ದಕ್ಕುವ ದೂರ ಸುಮಾರು 870 ಕಿ.ಮೀ. ಆದರೆ, 20 ಡಿಗ್ರಿಯದಕ್ಕೆ ಸುಮಾರು 1,350 ಕಿ.ಮೀ. ದಕ್ಕುತ್ತದೆ. ಮೈಸೂರಿನಿಂದ 9,000 ಕಿ.ಮೀ.ಗೂ ಆಚೆ ಇರುವ ಸಿಡ್ನಿಯನ್ನು ಮುಟ್ಟಲು ಮೊದಲನೆಯದಕ್ಕೆ ಹನ್ನೊಂದು ನೆಗೆತ ಬೇಕು, ಎರಡನೆಯದಕ್ಕೆ ಏಳು ಸಾಕು. ಪ್ರತಿ ನೆಗೆತದಲ್ಲೂ ಶಕ್ತಿ ಸೋರುವುದರಿಂದ ಈ ನಾಲ್ಕು ನೆಗೆತಗಳ ಉಳಿತಾಯ ಸಣ್ಣದಲ್ಲ.

ಹಾಗಾದರೆ 20 ಮೀಟರಿಗೇ ಏರಿಸಬಾರದೇಕೆ? ಇಲ್ಲಿ ಗಾಳಿಯ ಲೆಕ್ಕ ಎದುರಾಗುತ್ತದೆ. ಕಟ್ಟಡಗಳ ಗಾಳಿ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕವು ಮೈಸೂರಿಗೆ ನಿಗದಿಪಡಿಸಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗೆ ಮುನ್ನ ಬೀಸುವ ಬಿರುಗಾಳಿಗೆ ರಸ್ತೆ ಬದಿಯ ಮರಗಳು ಉರುಳಿದ್ದನ್ನು ಕಂಡವರು ಈ ಸಂಖ್ಯೆಯನ್ನು ಹಗುರವಾಗಿ ಎಣಿಸುವುದಿಲ್ಲ. ಆ ವೇಗದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಬೀಳುವ ಒತ್ತಡ ಸುಮಾರು 66 ಕೆ.ಜಿ. ತೂಕಕ್ಕೆ ಸಮ. ಗಾಳಿಗೆ ಒಡ್ಡಿಕೊಂಡ ಕೊಳವೆಗಳ ಒಟ್ಟು ಮೈ ಅರ್ಧ ಚದರ ಮೀಟರ್ ಎಂದಿಟ್ಟುಕೊಂಡರೂ 15 ಮೀಟರ್ ಎತ್ತರದಲ್ಲಿ 33 ಕೆ.ಜಿ. ಭಾರವನ್ನು ಯಾರೋ ಅಡ್ಡಲಾಗಿ ಜಗ್ಗಿದಂತಾಗುತ್ತದೆ. ಇದಕ್ಕೆ ಟವರಿನ ಸ್ವಂತ ಮೈಯ ಮೇಲಿನ ಒತ್ತಡವೂ ಸೇರುತ್ತದೆ. ಅದೇ ಅಗಲದ ಟವರನ್ನು 20 ಮೀಟರಿಗೆ ಬೆಳೆಸಿದರೆ, ತನ್ನ ಮೈಗೆ ಬಡಿದ ಗಾಳಿಯೊಂದರಿಂದಲೇ ಅದರ ಬುಡವನ್ನು ಮಗುಚಲು ಹವಣಿಸುವ ಸನ್ನೆಬಲ ಸುಮಾರು 1.8 ಪಟ್ಟಾಗುತ್ತದೆ. ಎಳೆತಂತಿ ಕಟ್ಟಿ ಹೊರೆ ಇಳಿಸಬಹುದು, ಆದರೆ ತಂತಿಯ ಗೂಟ ಸಾಮಾನ್ಯವಾಗಿ ಟವರಿನ ಎತ್ತರದ ಅರ್ಧಕ್ಕಿಂತ ಹೆಚ್ಚು ದೂರದಲ್ಲಿರಬೇಕು. ನಲವತ್ತು–ಅರವತ್ತರಲ್ಲೂ ಅದಕ್ಕೆ ಜಾಗವಿಲ್ಲ. ಐದು ಡಿಗ್ರಿಯ ಆಸೆಗೆ ಈ ಬೆಲೆ ದುಬಾರಿ ಎಂಬುದು ನನ್ನ ಅಭಿಪ್ರಾಯ. ಗೆಳೆಯರೂ 15ಕ್ಕೇ ನಿಂತರು. ಆಳವಾದ ಕಾಂಕ್ರೀಟ್ ಬುನಾದಿ ಹಾಕಿ, 28 ದಿನ ನೀರುಣಿಸಿ, ಅದರ ಮೇಲೆ ಸತು ಲೇಪಿತ ಉಕ್ಕಿನ ಟವರ್ ನಿಲ್ಲಿಸಿದರು. ಸಿಡಿಲಿಗಾಗಿ ಪ್ರತಿ ಕಾಲಿಗೂ ಅರ್ತಿಂಗ್ ಕೊಟ್ಟು, ಅವನ್ನೆಲ್ಲ ಮನೆಯ ಅರ್ತಿಂಗಿನೊಡನೆ ಒಂದಾಗಿ ಬೆಸೆದರು.

ಏರಿಸುವ ದಿನ ನನ್ನ ಗಮನ ಸೆಳೆದದ್ದು ಒಂದು ನೂಲಿನ ಹಗ್ಗ. ಕೊಳವೆಗಳನ್ನು ಜೋಡಿಸುವ ಮುನ್ನ ಗೆಳೆಯರು ಪ್ರತಿಯೊಂದರ ಒಳಗೂ ಹಗ್ಗವನ್ನು ತೂರಿಸಿ ಸಡಿಲವಾಗಿ ಬಿಟ್ಟರು. ಆಂಟೆನಾಗಳನ್ನು ಕೊಲ್ಲುವುದು ಬಿರುಗಾಳಿಯೊಂದೇ ಅಲ್ಲ, ಮಂದಗಾಳಿಯೂ ಹೌದು. ಎರಡು ಸೆಂಟಿಮೀಟರ್ ದಪ್ಪದ ಕೊಳವೆಯನ್ನು ಸೆಕೆಂಡಿಗೆ ನಾಲ್ಕು ಮೀಟರ್ ವೇಗದ ತಂಗಾಳಿ ದಾಟುವಾಗ ಅದರ ಬೆನ್ನ ಹಿಂದೆ ಸೆಕೆಂಡಿಗೆ ಸುಮಾರು ನಲವತ್ತು ಜೋಡಿ ಸುಳಿಗಳು ಸರದಿಯಂತೆ ಕಳಚಿಕೊಳ್ಳುತ್ತವೆ. ಆ ಲಯವು ಕೊಳವೆಯ ಸಹಜ ಕಂಪನಕ್ಕೆ ಹೊಂದಿಕೊಂಡರೆ ಲೋಹ ಸದ್ದಿಲ್ಲದೆ ದಣಿದು ಒಂದು ದಿನ ಬಿರಿಯುತ್ತದೆ. ಒಳಗಿನ ಹಗ್ಗ ಕೊಳವೆಯ ಗೋಡೆಗೆ ಉಜ್ಜುತ್ತ ಆ ಕಂಪನವನ್ನು ನುಂಗಿಕೊಳ್ಳುತ್ತದೆ. ಆಮೇಲೆ ಟವರಿನ ತುದಿಗೆ ರಾಟೆ ಕಟ್ಟಿ, ಕೆಳಗೆ ಆರು ಮಂದಿ ಹಗ್ಗ ಎಳೆದು, ಇಬ್ಬರು ಮೇಲೆ ಸುರಕ್ಷತಾ ಬೆಲ್ಟಿನಲ್ಲಿ ನಿಂತು ಬೋಲ್ಟ್ ಬಿಗಿದರು. ಮೇಲೆ ಕೆಲಸ ನಡೆಯುವಾಗ ಕೆಳಗೆ ನಿಲ್ಲಬಾರದೆಂಬ ನಿಯಮವನ್ನು ನಾನು ಒಮ್ಮೆ ಮರೆತೆ. ಕೈಜಾರಿದ ಸ್ಪ್ಯಾನರ್ ನನ್ನಿಂದ ಎರಡು ಮೊಳ ದೂರದಲ್ಲಿ ಮಣ್ಣಿಗೆ ನೆಟ್ಟುಕೊಂಡಿತು.

ಸಂಜೆ ರೋಟೇಟರ್ ತಿರುಗಿಸಿ ನೋಡಿದೆವು. ಗೋಡೆಯ ಮೇಲಿನ ನಕ್ಷೆಯನ್ನು ನಂಬುವವರಿಗೆ ಅಮೆರಿಕ ಪಶ್ಚಿಮದಲ್ಲಿದೆ. ದುಂಡಗಿನ ಭೂಮಿಯ ಅತಿ ಹತ್ತಿರದ ಹಾದಿಯಲ್ಲಿ ಮಾತ್ರ ನ್ಯೂಯಾರ್ಕ್ ನಮ್ಮ ಉತ್ತರಕ್ಕಿಂತ 25 ಡಿಗ್ರಿ ಎಡಕ್ಕೂ, ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 19 ಡಿಗ್ರಿ ಬಲಕ್ಕೂ ಬೀಳುತ್ತವೆ. ಸಿಡ್ನಿಯ ಕಡೆ ತಿರುಗಿಸಿದಾಗ ಬೂಮ್ ಆಗ್ನೇಯಕ್ಕೆ ಮುಖ ಮಾಡಿ, ಹೆಚ್ಚುಕಡಿಮೆ ಚಾಮುಂಡಿ ಬೆಟ್ಟದತ್ತ ನಿಂತಿತು. ಬೆಟ್ಟ ಅಡ್ಡ ಬರುವುದಿಲ್ಲವೇ ಎಂದು ಗೆಳೆಯರ ತಾಯಿ ಕೇಳಿದರು. ಒಂಬತ್ತು ಕಿ.ಮೀ. ದೂರದಲ್ಲಿ, ಊರಿನ ಮಟ್ಟಕ್ಕಿಂತ ಸುಮಾರು 300 ಮೀಟರ್ ಎತ್ತರವಿರುವ ಬೆಟ್ಟ ಮರೆಮಾಡುವುದು ಎರಡೇ ಡಿಗ್ರಿ. ಗೆಳೆಯರು ತಾಯಿಗೆ ಲೆಕ್ಕ ಒಪ್ಪಿಸಲಿಲ್ಲ. ತಾರಸಿಯ ಮೇಲೆ ನಿಲ್ಲಿಸಿ, ತೋಳು ಚಾಚಿ ಹೆಬ್ಬೆರಳನ್ನು ಅಡ್ಡ ಹಿಡಿಯಲು ಹೇಳಿದರು. ಬೆಟ್ಟದ ಎತ್ತರವೆಲ್ಲ ಬೆರಳಿನ ಹಿಂದೆ ಅಡಗಿತು. ಅನಂತರ ಮುಷ್ಟಿಯ ಮೇಲೆ ಮುಷ್ಟಿ ಇಡಿಸಿ, ಅಲೆ ಹೊರಡುವುದು ಅದಕ್ಕೂ ಮೇಲಿನಿಂದ ಎಂದು ತೋರಿಸಿದರು.