ಇವತ್ತು ಯಾವ ಫೋಟೊ ತೆಗೆಯುವುದಿಲ್ಲ?

ಫೆಬ್ರವರಿ ಮಧ್ಯದಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಬೇಸ್‌ಬಾಲ್ ಸೀಸನ್ ಶುರುವಾಗುತ್ತದೆ. ಅಲ್ಲಿಂದಾಚೆಗೆ ನನ್ನ ಫೋನಿಗೆ ಆಲ್ಬಮ್‌ಗಳು ಬರತೊಡಗುತ್ತವೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಕ್ಯಾಮೆರಾ ಹುಚ್ಚು ಸ್ವಲ್ಪ ಜಾಸ್ತಿಯೇ. ತೆರೆದು ನೋಡಿದರೆ ಬ್ಯಾಟ್ ಬೀಸುವ ಹುಡುಗ. ಮುಂದಿನದರಲ್ಲೂ ಬ್ಯಾಟ್ ಬೀಸುವ ಹುಡುಗ. ಎಲ್ಲವೂ ಶಾರ್ಪ್ ಆಗಿವೆ, ಆದರೆ ಒಂದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಕೊನೆಗೆ ಒಂದು ಪ್ರಶ್ನೆ: "ಸಾರ್, ಏನಾದರೂ ಹೊಸದು ಮಾಡಬೇಕು. ಯಾವ ಲೆನ್ಸ್ ತಗೊಳ್ಳಲಿ?"

ಲೆನ್ಸ್ ಬೇಡ. ಕ್ಯಾಮೆರಾವನ್ನು ಓರೆಯಾಗಿ ಹಿಡಿಯುವುದೂ ಬೇಡ, ಮನೆಗೆ ಬಂದು ಕಪ್ಪು-ಬಿಳುಪು ಮಾಡುವುದೂ ಬೇಡ. ಮನೆಯಿಂದ ಹೊರಡುವ ಮುಂಚೆಯೇ ಒಂದು ತೀರ್ಮಾನ ಮಾಡಿಕೊಳ್ಳಿ. ಇವತ್ತು ಯಾವ ಫೋಟೊ ತೆಗೆಯುವುದಿಲ್ಲ? ಅಷ್ಟೇ.

ಇದನ್ನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ವಾರ ಮತ್ತೆ ಬ್ಯಾಟ್ ಬೀಸುವ ಹುಡುಗನೇ ಬರುತ್ತಾನೆ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಬಾಲ್ ಬ್ಯಾಟಿಗೆ ತಾಗುವ ಗಳಿಗೆ ಸಿಕ್ಕರೆ ಎಲ್ಲ ಸಿಕ್ಕಿತು ಅಂತ ನಾವು ಅಂದುಕೊಂಡಿದ್ದೇವೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 90 ಮೈಲಿ ವೇಗದ ಎಸೆತ ಸೆಕೆಂಡಿಗೆ ಸುಮಾರು 40 ಮೀಟರ್ ಹೋಗುತ್ತದೆ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 20 ಫೋಟೊ ತೆಗೆದರೂ, ಒಂದು ಫೋಟೊದಿಂದ ಇನ್ನೊಂದಕ್ಕೆ ಬಾಲ್ ಎರಡು ಮೀಟರ್ ದಾಟಿರುತ್ತದೆ. ಬ್ಯಾಟಿಗೆ ಅದು ತಾಗಿಕೊಂಡಿರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಲೋಹದ ಬ್ಯಾಟಿನ 'ಟಿಂಗ್' ಕೇಳಿ ಬಟನ್ ಒತ್ತಿದರಂತೂ ಬಾಲ್ ಆಗಲೇ ಹೋಗಿರುತ್ತದೆ. ಅಂದರೆ ಸಿಕ್ಕರೆ ಅದೃಷ್ಟ. ಆ ಅದೃಷ್ಟಕ್ಕಾಗಿ ಇಡೀ ಆಟವನ್ನೇ ಕಳೆದುಕೊಳ್ಳುತ್ತೀರಿ.

ಹಾಗಾಗಿ ಆ ಗಳಿಗೆಯನ್ನು ತೆಗೆಯುವುದಿಲ್ಲ ಅಂದರೆ ತೆಗೆಯುವುದಿಲ್ಲ. "ಒಂದೆರಡು ಇರಲಿ ಬಿಡಿ" ಅಂದರೆ ಅಲ್ಲಿಗೆ ಕೆಟ್ಟಿತು. ನಾವು ಕ್ರಿಕೆಟ್ ನೋಡಿ ಬೆಳೆದವರು, ಸ್ವಲ್ಪ ಬಿಟ್ಟರೆ ಸಾಕು, ಕಣ್ಣು ಬಾಲ್ ಹಿಂದೆ ಓಡುತ್ತದೆ. ಬೇಸ್‌ಬಾಲ್‌ನಲ್ಲಿ ಎಷ್ಟೋ ಸಂಗತಿಗಳು ನಡೆಯುವುದು ಎರಡು ಎಸೆತಗಳ ನಡುವೆ. ಬ್ಯಾಟ್ ಬೀಸುವವನ ಹಿಂದೆ ಕೂತು ಬಾಲ್ ಹಿಡಿಯುವ ಕ್ಯಾಚರ್ ಮುಖವಾಡ ಎತ್ತಿ ಬೆವರು ಒರೆಸಿಕೊಳ್ಳುತ್ತಾನೆ. ಬಾಲ್ ಎಸೆಯುವ ಪಿಚರ್ ಬೆನ್ನು ತಿರುಗಿಸಿ ಒಮ್ಮೆ ಉಸಿರು ಬಿಡುತ್ತಾನೆ. ಈಗ ಎಷ್ಟೋ ತಂಡಗಳಲ್ಲಿ, ಮುಂದೆ ಎಂಥ ಎಸೆತ ಹಾಕಬೇಕು ಅನ್ನುವ ಕೋಚ್ ಸೂಚನೆ ಮಣಿಕಟ್ಟಿನ ಪುಟ್ಟ ಸಾಧನಕ್ಕೆ ಬರುತ್ತದೆ. ಪಿಚರ್ ಕೈ ಎತ್ತಿ ಅದನ್ನು ಓದಿಕೊಳ್ಳುತ್ತಾನೆ. ಮೊದಲು ಕ್ಯಾಚರ್ ತೊಡೆಗಳ ನಡುವೆ ಬೆರಳು ತೋರಿಸಿ ಇದನ್ನೇ ಹೇಳುವುದನ್ನು ತೆಗೆಯುತ್ತಿದ್ದೆವು. ಈ ಹೊಸ ಸನ್ನೆಯನ್ನು ಹೆಚ್ಚು ಜನ ಇನ್ನೂ ತೆಗೆದೇ ಇಲ್ಲ.

ಹಾಸನದ ಕಡೆಯ ಒಬ್ಬ ತಾಯಿಗೆ ಇದೇ ಮಾತು ಹೇಳಿದ್ದೆ. ಅವರ ಮಗ ಕಾಲೇಜು ತಂಡದಲ್ಲಿ ಆಡುತ್ತಾನೆ. ಅವನು ಬ್ಯಾಟ್ ಮಾಡುವಾಗ ಕ್ಯಾಮೆರಾ ಕೆಳಗಿಡಿ, ಸರದಿಗಾಗಿ ಕಾಯುವ ಜಾಗದಲ್ಲಿದ್ದಾಗ ಮಾತ್ರ ತೆಗೆಯಿರಿ ಅಂದೆ. ಅವರಿಗೆ ಕೋಪ ಬಂತು. "ಮಗ ಆಡೋದು ನೋಡೋಕೆ ಅಂತ ಬಂದು, ಆಡೋವಾಗ ಸುಮ್ನೆ ಕೂತ್ಕೋ ಅಂತೀರಲ್ಲ!" ಆದರೂ ಹಾಗೇ ಮಾಡಿದರು. ಬ್ಯಾಟಿಗೆ ಭಾರದ ಬಳೆ ಹಾಕಿಕೊಂಡು ಅವನು ಒಂಟಿ ಮಂಡಿಯೂರಿದ್ದಾನೆ. ಕಣ್ಣು ಪಿಚರ್ ಮೇಲಿದೆ, ತುಟಿ ಸ್ವಲ್ಪ ತೆರೆದಿದೆ. "ಪರೀಕ್ಷೆಗೆ ಮುಂಚೆ ಹಿಂಗೇ ಏನೋ ಗುನುಗ್ತಿದ್ದ, ಈಗಲೂ ಬಿಟ್ಟಿಲ್ಲ" ಅಂದರು. ಆ ಫೋಟೊ ನನಗೆ ತುಂಬಾ ಇಷ್ಟ. ಬೇರೆ ಯಾರಿಗೂ ಅದು ಸಿಗುತ್ತಿರಲಿಲ್ಲ.

ಜಾಗದ ವಿಷಯದಲ್ಲೂ ಇದೇ ಮಾತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ಮೈದಾನ ಸಂಕನ್ ಡೈಮಂಡ್ ನೋಡಿ. ಪಕ್ಕದ ಫುಟ್‌ಬಾಲ್ ಸ್ಟೇಡಿಯಂ ಕಟ್ಟಲು ಮಣ್ಣು ತೆಗೆದ ಗುಂಡಿಯಲ್ಲೇ ಆ ಮೈದಾನ ಇದೆ. ಎಲ್ಲರೂ ಪ್ರೇಕ್ಷಕರಿಗೆ ಬಾಲ್ ಬಡಿಯದಂತೆ ಕಟ್ಟಿದ ಬಲೆಯ ಹತ್ತಿರ ಮುಗಿಬೀಳುತ್ತಾರೆ. ಅದನ್ನು ಬಿಟ್ಟು ಮೇಲಿನ ಸಾಲಿಗೆ ಹೋಗಿ, ಕೆಳಗೆ ನೋಡಿ. ಬೋರ್ಡು, ಜಾಹೀರಾತು, ಕುರ್ಚಿ ಯಾವುದೂ ಹಿಂದೆ ಬರುವುದಿಲ್ಲ. ಬರೀ ಕಂದು ಮಣ್ಣು, ಹಸಿರು ಹುಲ್ಲು, ಸಂಜೆಯ ಉದ್ದ ನೆರಳು. ಮೊದಲು ಹಿನ್ನೆಲೆ ಆರಿಸಿಕೊಂಡು ಆಟಗಾರ ಅಲ್ಲಿಗೆ ಬರಲಿ ಅಂತ ಕಾಯಿರಿ.

ಕಾಲೇಜು ಬೇಸ್‌ಬಾಲ್‌ನ ಕೊನೆಯ ಹಂತದ ಟೂರ್ನಿ ಕಾಲೇಜು ವರ್ಲ್ಡ್ ಸೀರೀಸ್ 1950ರಿಂದ ನೆಬ್ರಾಸ್ಕಾದ ಒಮಾಹಾ ನಗರದಲ್ಲೇ ನಡೆಯುತ್ತಿದೆ. ಗೆದ್ದವರು ಪಿಚರ್ ನಿಲ್ಲುವ ಮಣ್ಣಿನ ದಿಬ್ಬ, ಅಂದರೆ ಮೌಂಡ್ ಹತ್ತಿರ ಒಬ್ಬರ ಮೇಲೊಬ್ಬರು ಬೀಳುವ ಫೋಟೊ ವರ್ಷವರ್ಷವೂ ಬರುತ್ತದೆ. ಆ ಹೊತ್ತಿನಲ್ಲಿ ಸೋತವರು ಕೂರುವ ಡಗೌಟ್ ಕಡೆ ತಿರುಗುವವರು ಕಡಿಮೆ. ಕಂಬಿಗೆ ಗಲ್ಲ ಊರಿ ನಿಂತ ಕೊನೆಯ ವರ್ಷದ ಹುಡುಗರು ಅಲ್ಲಿರುತ್ತಾರೆ. ಅವರಲ್ಲಿ ಹಲವರಿಗೆ ಅದೇ ಜೀವನದ ಕೊನೆಯ ಪಂದ್ಯ.

ಇಷ್ಟೆಲ್ಲ ಹೇಳಿದರೂ ಒಂದು ಎಚ್ಚರಿಕೆ ಇದೆ. ಕಾಲೇಜೋ ಪತ್ರಿಕೆಯೋ ದುಡ್ಡು ಕೊಟ್ಟು ಕರೆದಿದ್ದರೆ ಅವರಿಗೆ ಬೇಕಾದ್ದನ್ನು ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಮೊದಲ ಮೂರ್ನಾಲ್ಕರಲ್ಲೇ ತೆಗೆದಿಟ್ಟುಕೊಳ್ಳಿ. ಆಗ ಶಟರ್ ವೇಗವನ್ನು ಸೆಕೆಂಡಿನ 1/1000ಕ್ಕಿಂತ ಕೆಳಗೆ ಇಳಿಸಬೇಡಿ. ಪ್ರಯೋಗ ಆಮೇಲೆ. 1/30ರಲ್ಲಿ ಓಟಗಾರನ ಜೊತೆ ಕ್ಯಾಮೆರಾ ತಿರುಗಿಸಿದರೆ ಬಹಳಷ್ಟು ಫೋಟೊ ಹಾಳಾಗುತ್ತವೆ, ಆಗಲಿ ಬಿಡಿ. ಮೈದಾನದ ಪಕ್ಕ ನಿಲ್ಲಬೇಕಾದರೆ ಕಾಲೇಜಿನ ಕ್ರೀಡಾ ಕಚೇರಿಯ ಅನುಮತಿ ಬೇಕು. ಎಲ್ಲಿ ನಿಲ್ಲು ಅಂದರೋ ಅಲ್ಲೇ ನಿಲ್ಲಿ. ಫ್ಲ್ಯಾಶ್ ಹಾಕಬೇಡಿ. ಪಿಚರ್ ಕೈಯಲ್ಲಿ ಬಾಲ್ ಇರುವಾಗ ತಲೆ ಬಗ್ಗಿಸಿ ಹಿಂದಿನ ಸ್ಕ್ರೀನ್ ನೋಡಲೇಬೇಡಿ. ದಿಕ್ಕು ತಪ್ಪಿದ ಬಾಲ್ ನಿಮ್ಮ ಕಡೆ ಬಂದರೆ ತಪ್ಪಿಸಿಕೊಳ್ಳಲು ಅರ್ಧ ಸೆಕೆಂಡೂ ಸಿಗುವುದಿಲ್ಲ. ತೆಗೆದದ್ದನ್ನು ಇನ್ನಿಂಗ್ಸ್ ಮುಗಿದ ಮೇಲೆ ನೋಡಿಕೊಂಡರೆ ಸಾಕು.