ಮುಟ್ಟು ನಿಂತರೂ ವಂಕಿಯ ತಪ್ಪು, ಜಾಸ್ತಿಯಾದರೂ ವಂಕಿಯ ತಪ್ಪು

ನನ್ನ ನಾದಿನಿಗೆ ಹೆರಿಗೆಯಾದ ದಿನವೇ ಕಾಪರ್ ಟಿ, ಅಂದರೆ ಬಸಿರಾಗದಂತೆ ಗರ್ಭಕೋಶದೊಳಗೆ ಇಡುವ ತಾಮ್ರದ ವಂಕಿ, ಹಾಕಿದ್ದರು. ಮೊದಲೇ ಕೇಳಿ, ಅವಳು ಹೂಂ ಅಂದಮೇಲೆ. ಮಾಸು ಹೊರಬಂದ ಹತ್ತು ನಿಮಿಷದೊಳಗೆ ಕೆಲಸ ಮುಗಿದಿತ್ತು. ಬಾಣಂತನಕ್ಕೆ ನಮ್ಮ ಮನೆಗೇ ಬಂದಳು. ಮೊದಲ ಐದು ವಾರ ಹೆರಿಗೆಯ ನಂತರದ ಸ್ರಾವ ಇತ್ತು, ಆಮೇಲೆ ನಿಂತಿತು. ಎರಡು ತಿಂಗಳಾಯಿತು, ಮೂರಾಯಿತು, ಐದಾಯಿತು. ಮುಟ್ಟಿನ ಸುದ್ದಿಯೇ ಇಲ್ಲ. ಅತ್ತೆಗೆ ಚಿಂತೆ ಹತ್ತಿತು. "ಆ ತಾಮ್ರ ಮುಟ್ಟನ್ನೇ ಕಟ್ಟಿಹಾಕಿದೆ. ಕೆಟ್ಟ ರಕ್ತ ಎಲ್ಲಾ ಒಳಗೇ ಉಳೀತು ನೋಡು."

ಆರು ತಿಂಗಳು ತುಂಬಿ ಮಗುವಿಗೆ ರಾಗಿ ಸರಿ ಶುರು ಮಾಡಿದೆವು. ಕೆಲವೇ ವಾರಗಳಲ್ಲಿ ನಾದಿನಿಗೆ ಮುಟ್ಟು ಬಂತು. ಬಂದದ್ದು ಸುಮ್ನೆ ಅಲ್ಲ, ಏಳು ದಿನ, ಅದರಲ್ಲೂ ಎರಡನೇ ದಿನ ಪ್ಯಾಡ್ ಬದಲಿಸಿ ಬದಲಿಸಿ ಸಾಕಾಯಿತು. ಈಗ ಅತ್ತೆಯ ದೂರು ತಿರುಗಿತು. "ಆ ಕಾಪರ್ ಟಿ ಉಷ್ಣ. ಅದಕ್ಕೇ ಇಷ್ಟು ಹೋಗ್ತಿದೆ. ತೆಗೆಸಿಬಿಡು."

ಒಂದೇ ವಸ್ತು, ಒಂದಕ್ಕೊಂದು ವಿರುದ್ಧವಾದ ಎರಡು ಆರೋಪ. ತಮಾಷೆ ಅಂದರೆ, ಇದರಲ್ಲಿ ಮೊದಲನೆಯದು ಪೂರ್ತಿ ಸುಳ್ಳು, ಎರಡನೆಯದು ಅರ್ಧ ನಿಜ.

ಮೊದಲನೆಯದನ್ನು ನೋಡೋಣ. ಮುಟ್ಟು ಬರಬೇಕಾದರೆ ಅಂಡಾಶಯ ಕೆಲಸ ಮಾಡಬೇಕು. ಅಂಡಾಶಯಕ್ಕೆ ಅಪ್ಪಣೆ ಬರುವುದು ಮಿದುಳಿನಿಂದ. ಮಗು ಮೊಲೆ ಚೀಪಿದಾಗಲೆಲ್ಲ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಹಾಲು ತಯಾರಾಗುವುದು ಇದರಿಂದಲೇ. ಮಗು ಮತ್ತೆ ಮತ್ತೆ ಚೀಪುತ್ತಿದ್ದರೆ ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಅಪ್ಪಣೆಯ ಲಯವೂ ತಪ್ಪುತ್ತದೆ. ಅಂಡಾಣು ಬಲಿಯುವುದಿಲ್ಲ, ಗರ್ಭಕೋಶದ ಒಳಪದರ ದಪ್ಪಗಾಗುವುದಿಲ್ಲ. ಪದರವೇ ಬೆಳೆಯದಿದ್ದರೆ ಉದುರುವುದೇನು? ಒಳಗೆ ಕಟ್ಟಿಕೊಂಡ ರಕ್ತ ಅಂತ ಏನೂ ಇರುವುದಿಲ್ಲ. ಅತ್ತೆಗೆ ಇದನ್ನು ಹೇಳಿದಾಗ ನಂಬಿದಂತೆ ಕಾಣಲಿಲ್ಲ, ಆದರೆ ಸುಮ್ಮನಾದರು.

ಕಾಪರ್ ಟಿ ಈ ಇಡೀ ವ್ಯವಹಾರದಲ್ಲಿ ತಲೆ ಹಾಕುವುದೇ ಇಲ್ಲ. ಅದರಲ್ಲಿ ಹಾರ್ಮೋನು ಇಲ್ಲ. ಅದರ ಕೆಲಸವೆಲ್ಲ ಗರ್ಭಕೋಶದೊಳಗೆ. ತಾಮ್ರದಿಂದ ಬಿಡುಗಡೆಯಾಗುವ ಕಣಗಳು ವೀರ್ಯಾಣುಗಳನ್ನು ಓಡಾಡದಂತೆ ಮಾಡಿ ಸಾಯಿಸುತ್ತವೆ, ಅವು ಅಂಡಾಣುವನ್ನು ತಲುಪುವುದಿಲ್ಲ. ತಿಂಗಳು ತಿಂಗಳು ಅಂಡಾಣು ಬಿಡುಗಡೆಯಾಗುವುದನ್ನು ತಾಮ್ರ ತಡೆಯುವುದಿಲ್ಲ. ಹಾಗಾಗಿ ಮುಟ್ಟು ಯಾವಾಗ ವಾಪಸ್ ಬರಬೇಕು ಎನ್ನುವುದನ್ನು ತೀರ್ಮಾನಿಸುವುದು ಮಗು ಮತ್ತು ತಾಯಿಯ ಮಿದುಳು. ರಾಗಿ ಸರಿ ಶುರುವಾದಾಗ ಮಗು ಹಾಲು ಕುಡಿಯುವುದು ಕಡಿಮೆಯಾಯಿತು, ಪ್ರೊಲ್ಯಾಕ್ಟಿನ್ ಇಳಿಯಿತು, ಅಂಡಾಶಯ ಎದ್ದಿತು.

ಹಾಲು ಕುಡಿಸದ ತಾಯಂದಿರಲ್ಲಿ ಇದು ಬೇಗ ಆಗುತ್ತದೆ. ಹೆರಿಗೆಯಾಗಿ ಒಂದೂವರೆ ತಿಂಗಳಿಗೇ ಕೆಲವರಿಗೆ ಮುಟ್ಟು ಬರುವುದುಂಟು. ಇಲ್ಲೊಂದು ಮಾತು ಹೇಳಲೇಬೇಕು. ಮೊದಲು ಬಿಡುಗಡೆಯಾಗುವುದು ಅಂಡಾಣು, ಮುಟ್ಟು ಆಮೇಲೆ. "ಇನ್ನೂ ಮುಟ್ಟೇ ಆಗಿಲ್ಲ, ಏನಾಗುತ್ತೆ" ಎಂದುಕೊಂಡೇ ಎರಡನೆಯದಕ್ಕೆ ಬಸಿರಾದವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಎದೆಹಾಲಿನ ರಕ್ಷಣೆಯನ್ನು ನೂರಕ್ಕೆ 98ರಷ್ಟು ನಂಬಬಹುದು ಎಂದು ತಜ್ಞರು 1988ರಲ್ಲಿ ಇಟಲಿಯ ಬೆಲ್ಲಾಜಿಯೋದಲ್ಲಿ ಸೇರಿ ಹೇಳಿದ್ದು ನಿಜ. ಆದರೆ ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲೇ ಆಹಾರವಾಗಿರಬೇಕು, ಮುಟ್ಟು ಬಂದಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕ ತಪ್ಪಿತು.

ಈಗ ಎರಡನೇ ಆರೋಪ. ಇಲ್ಲಿ ಕಾಪರ್ ಟಿ ನಿಜವಾಗಿಯೂ ಭಾಗಿ.

ಗರ್ಭಕೋಶದೊಳಗೆ ಹೊರಗಿನ ವಸ್ತು ಬಂದು ಕೂತಾಗ ದೇಹ ಅದನ್ನು ಗಮನಿಸದೇ ಇರುವುದಿಲ್ಲ. ಒಳಪದರದಲ್ಲಿ ಸಣ್ಣ ಉರಿಯೂತ ಏಳುತ್ತದೆ. ಸೋಂಕಲ್ಲ, ಕೀವಲ್ಲ, ಅತ್ತೆ ಹೇಳುವ ಉಷ್ಣವೂ ಅಲ್ಲ. ಮುಳ್ಳು ಚುಚ್ಚಿದ ಕಡೆ ಕೆಂಪಾಗುತ್ತದಲ್ಲ, ಆ ಥರ. ತಾಮ್ರ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಗರ್ಭ ನಿಲ್ಲದಂತೆ ಮಾಡುವುದರಲ್ಲಿ ಇದರದ್ದೂ ಪಾಲಿದೆ, ಹಾಗಾಗಿ ಇದು ಬೇಡ ಎನ್ನುವಂತಿಲ್ಲ. ಆದರೆ ಇದರ ಜೊತೆ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳೂ ಜಾಸ್ತಿಯಾಗುತ್ತವೆ. ಅವು ಗರ್ಭಕೋಶವನ್ನು ಹಿಂಡಿ ಹೊಟ್ಟೆನೋವು ತರುತ್ತವೆ, ರಕ್ತನಾಳಗಳನ್ನೂ ಸಡಿಲಿಸುತ್ತವೆ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಮುಟ್ಟಿನ ಸಮಯದಲ್ಲಿ ಗರ್ಭಕೋಶದಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ತೆರೆದ ರಕ್ತನಾಳಗಳ ಬಾಯಿಗೆ ದೇಹ ಹೆಪ್ಪುಗಟ್ಟಿದ ರಕ್ತದ ಒಡ್ಡು ಹಾಕುತ್ತದೆ. ಅದೇ ಹೊತ್ತಿಗೆ, ಒಳಗಿನ ರಕ್ತ ಗಟ್ಟಿಯಾಗಿ ಅಲ್ಲೇ ಕೂರದೆ ಹರಿದು ಹೋಗಲಿ ಎಂದು ಒಡ್ಡು ಒಡೆಯುವ ಕಿಣ್ವಗಳೂ ಕೆಲಸ ಮಾಡುತ್ತವೆ. ಹೊಲದಲ್ಲಿ ಒಬ್ಬ ನೀರಿಗೆ ಒಡ್ಡು ಕಟ್ಟುತ್ತಾನೆ, ಇನ್ನೊಬ್ಬ ಅದನ್ನು ಒಡೆದು ಮಡೆ ಬಿಡುತ್ತಾನೆ. ಇಬ್ಬರೂ ಹದವಾಗಿದ್ದರೆ ಮುಟ್ಟು ನಾಲ್ಕೈದು ದಿನದಲ್ಲಿ ಮುಗಿಯುತ್ತದೆ. ಒಳಗೆ ಕಾಪರ್ ಟಿ ಇದ್ದಾಗ ಮಡೆ ಬಿಡುವವನ ಕೈ ಮೇಲಾಗುತ್ತದೆ. ಅದಕ್ಕೇ ರಕ್ತ ಜಾಸ್ತಿ, ದಿನವೂ ಒಂದೆರಡು ಜಾಸ್ತಿ.

ಎಷ್ಟು ಜಾಸ್ತಿ? ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ, ಅಂದರೆ ಎರಡು ಮೂರು ದೊಡ್ಡ ಚಮಚ. ತಾಮ್ರದ ವಂಕಿ ಇದನ್ನು ಒಂದೂವರೆ ಪಟ್ಟಿನವರೆಗೂ ಏರಿಸಬಹುದು. 80 ಮಿಲಿಲೀಟರ್ ದಾಟಿದರೆ ಅದು ಅತಿಸ್ರಾವ. ಮೊದಲ ಮೂರರಿಂದ ಆರು ತಿಂಗಳು ಕಾಟ ಜಾಸ್ತಿ, ಆಮೇಲೆ ಹೆಚ್ಚಿನವರಿಗೆ ತಗ್ಗುತ್ತದೆ. ಎಲ್ಲರಿಗೂ ಅಲ್ಲ.

ಮೆಫೆನಮಿಕ್ ಆಸಿಡ್, ಐಬುಪ್ರೊಫೇನ್ ಥರದ ಮಾತ್ರೆಗಳು ನೋವಿನ ಜೊತೆಗೆ ರಕ್ತವನ್ನೂ ಕಡಿಮೆ ಮಾಡುವುದು ಯಾಕೆ ಎಂದು ಈಗ ಅರ್ಥವಾಗುತ್ತದೆ. ಅವು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತವೆ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆ ಮಡೆ ಬಿಡುವವನ ಕೈ ಕಟ್ಟಿಹಾಕುತ್ತದೆ. ಇವನ್ನು ಡಾಕ್ಟರರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಮೆಡಿಕಲ್ ಶಾಪಿನವರನ್ನು ಕೇಳಿ ಅಲ್ಲ.

ಆದರೆ ಅರ್ಧ ನಿಜ ಅಂದೆನಲ್ಲ, ಉಳಿದರ್ಧ? ಹೆರಿಗೆಯ ನಂತರದ ಮೊದಲ ಒಂದೆರಡು ಮುಟ್ಟು ವಂಕಿ ಇಲ್ಲದವರಿಗೂ ಎಡವಟ್ಟಾಗಿಯೇ ಬರುತ್ತವೆ. ಅಂಡಾಶಯ ಇನ್ನೂ ಲಯಕ್ಕೆ ಬಂದಿರುವುದಿಲ್ಲ. ಕೆಲವು ಸಲ ಅಂಡಾಣು ಬಿಡುಗಡೆಯಾಗದೆಯೇ ಒಳಪದರ ಬೆಳೆದು, ಹೊತ್ತು ಗೊತ್ತಿಲ್ಲದೆ ಉದುರುತ್ತದೆ. ಒಂದು ತಿಂಗಳು 24 ದಿನಕ್ಕೆ, ಇನ್ನೊಂದು ತಿಂಗಳು 45 ದಿನಕ್ಕೆ. ಈ ದಿನಗಳ ಏರುಪೇರು ಬಾಣಂತಿ ದೇಹದ್ದು, ತಾಮ್ರದ್ದಲ್ಲ. ತಾಮ್ರ ಬದಲಿಸುವುದು ಎಷ್ಟು ಹೋಗುತ್ತದೆ, ಎಷ್ಟು ನೋಯುತ್ತದೆ ಎಂಬುದನ್ನು. ನಡುನಡುವೆ ಒಂದಿಷ್ಟು ಕಲೆ ಕಾಣಿಸುವುದೂ ಅದರಿಂದ ಇರಬಹುದು. ಎರಡೂ ಒಟ್ಟಿಗೆ ಬಂದಾಗ ಬೇರ್ಪಡಿಸಿ ನೋಡುವುದು ಕಷ್ಟ, ಅಲ್ವಾ? ಹೆರಿಗೆ ದಿನವೇ ಹಾಕಿಸಿಕೊಂಡವರಿಗೆ ಇನ್ನೂ ಕಷ್ಟ. ಹೆರಿಗೆಯ ನಂತರ ವಂಕಿ ಇಲ್ಲದೆ ತಮ್ಮ ಮುಟ್ಟು ಹೇಗಿರುತ್ತಿತ್ತು ಎಂದು ಹೋಲಿಸಲು ಅವರಿಗೆ ಒಂದು ತಿಂಗಳೂ ಸಿಕ್ಕಿರುವುದಿಲ್ಲ.

ನಮ್ಮ ದೇಶದಲ್ಲಿ ಈ ವಂಕಿಗೆ ಹಳೆಯ ಕೆಟ್ಟ ಹೆಸರೂ ಇದೆ. ವಂಕಿ ಅಂದರೆ ಬಾಗಿದ್ದು, ಡೊಂಕಾದದ್ದು. ತೋಳಿನ ಒಡವೆಗೂ ಅದೇ ಹೆಸರು. ಅಮೆರಿಕದ ಬಫಲೋ ಊರಿನ ವೈದ್ಯ ಜ್ಯಾಕ್ ಲಿಪ್ಪೆಸ್ 1960ರ ದಶಕದ ಆರಂಭದಲ್ಲಿ ಮಾಡಿದ ಪ್ಲಾಸ್ಟಿಕ್ ಲೂಪನ್ನು ನೋಡಿದರೆ ಹೆಸರು ಒಪ್ಪುತ್ತದೆ. ಹಾವಿನ ಹಾಗೆ ಸುತ್ತಿ ಸುತ್ತಿ ಇತ್ತು. ಭಾರತ ಸರ್ಕಾರ 1965ರಲ್ಲಿ ಇದನ್ನು ಕುಟುಂಬ ಯೋಜನೆಗೆ ತಂದಿತು. ಲಕ್ಷಾಂತರ ಹೆಂಗಸರಿಗೆ ಹಾಕಿದರು. ಗುರಿ ಮುಟ್ಟುವ ಭರದಲ್ಲಿ, ರಕ್ತ ಜಾಸ್ತಿ ಹೋಗಬಹುದು ಎಂದು ಬಹಳ ಮಂದಿಗೆ ಯಾರೂ ಹೇಳಲಿಲ್ಲ. ಹೋಯಿತು. ಹೆದರಿದರು, ತೆಗೆಸಿದರು, ಊರೆಲ್ಲ ಸುದ್ದಿಯಾಯಿತು. ಕೆಲವೇ ವರ್ಷಗಳಲ್ಲಿ ಲೂಪ್ ಕೇಳುವವರಿಲ್ಲದಾಯಿತು. ಅತ್ತೆಯ ಭಯ ಬಂದಿರುವುದು ಅಲ್ಲಿಂದ ಎಂದೇ ನನ್ನ ಗುಮಾನಿ. ಅವರ ಅಮ್ಮನ ಕಾಲದ್ದು ಅದು.

ಆಮೇಲೆ ಬಂದದ್ದು ಟಿ ಆಕಾರ. ಗರ್ಭಕೋಶ ಹಿಂಡಿಕೊಂಡಾಗ ಒಳಗಿನ ಜಾಗ ಹೆಚ್ಚುಕಡಿಮೆ ಟಿ ಆಗಿರುತ್ತದೆ ಎಂದು ಅಮೆರಿಕದ ಹೋವರ್ಡ್ ಟೇಟಮ್ ಗುರುತಿಸಿದರು. ಅದಕ್ಕೆ ಹೊಂದುವಂಥ ಸಣ್ಣ ಸಾಧನ ಮಾಡಿದರೆ ಒತ್ತಡ ಕಡಿಮೆ, ನೋವು ಕಡಿಮೆ. ಆದರೆ ಬರೀ ಪ್ಲಾಸ್ಟಿಕ್ ಟಿ ಗರ್ಭ ತಡೆಯುವುದರಲ್ಲಿ ಸೋತಿತು. ಚಿಲಿ ದೇಶದ ಹೈಮೆ ಸಿಪ್ಪರ್ ಅದಕ್ಕೆ ತಾಮ್ರದ ಉಪಾಯ ಕೊಟ್ಟರು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಕುವ ಕಾಪರ್ ಟಿ 380ಎ ಆ ಜೋಡಿಯ ಸಂತಾನ. 380 ಎಂದರೆ ಅದರ ಮೇಲಿರುವ ತಾಮ್ರದ ಹರವು, ಚದರ ಮಿಲಿಮೀಟರಿನಲ್ಲಿ. ಹತ್ತು ವರ್ಷ ಕೆಲಸ ಮಾಡುತ್ತದೆ.

ಹಾರ್ಮೋನು ಇರುವ ಸಾಧನದ ಕಥೆ ಪೂರ್ತಿ ಉಲ್ಟಾ. ಫಿನ್‌ಲ್ಯಾಂಡಿನಲ್ಲಿ 1990ರಲ್ಲಿ ಬಳಕೆಗೆ ಬಂದ ಮಿರೆನಾ ಇಂಥದ್ದು. ನಮ್ಮಲ್ಲಿ ಹೆಚ್ಚಾಗಿ ಖಾಸಗಿ ಆಸ್ಪತ್ರೆಗಳಲ್ಲಿ ಸಿಗುತ್ತದೆ, ದುಬಾರಿ. ಅದರೊಳಗಿನ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು ದಿನಕ್ಕೆ ಮೈಕ್ರೋಗ್ರಾಮುಗಳ ಲೆಕ್ಕದಲ್ಲಿ ಹೊರಬಂದು ಒಳಪದರವನ್ನು ತೆಳ್ಳಗಾಗಿಸುತ್ತದೆ. ಮೊದಲ ಮೂರು ನಾಲ್ಕು ತಿಂಗಳು ಆಗಾಗ ಹನಿ ಹನಿ ಕಲೆ, ರೇಗುವಷ್ಟು. ಆಮೇಲೆ ಮುಟ್ಟು ತೀರಾ ಕಡಿಮೆ. ಒಂದು ವರ್ಷದ ಹೊತ್ತಿಗೆ ಐವರಲ್ಲಿ ಒಬ್ಬರಿಗೆ ಮುಟ್ಟೇ ಇರುವುದಿಲ್ಲ. ಇಲ್ಲೂ ಒಳಗೆ ಏನೂ ಕಟ್ಟಿಕೊಂಡಿರುವುದಿಲ್ಲ. ತಾಯಿಯ ಹಾಲಿಗೆ ಹೋಗುವ ಹಾರ್ಮೋನು ಅತ್ಯಲ್ಪ, ಮಗುವಿನ ಬೆಳವಣಿಗೆಗೆ ತೊಂದರೆ ಕಂಡುಬಂದಿಲ್ಲ.

ಈ ಆಯ್ಕೆ ನಮ್ಮ ಕಡೆ ಸಣ್ಣ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಹೆರಿಗೆಯಲ್ಲಿ ಮೊದಲೇ ರಕ್ತ ಕಳೆದುಕೊಂಡವಳಿಗೆ ತಿಂಗಳು ತಿಂಗಳು ಒಂದೂವರೆ ಪಟ್ಟು ಹೋದರೆ ಹೇಗೆ? ಕಾಪರ್ ಟಿ ಹಾಕುವವರು ಹಿಮೋಗ್ಲೋಬಿನ್ ನೋಡಿ, ಕಬ್ಬಿಣದ ಮಾತ್ರೆಯ ಮಾತನ್ನೂ ಆಡಬೇಕು. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಇವನ್ನೆಲ್ಲ "ಮಗು ಸಣ್ಣದು, ನಿದ್ದೆ ಇಲ್ಲ" ಎಂದು ತಳ್ಳಿಹಾಕಿ ಕೂರುವುದು ನಮ್ಮಲ್ಲಿ ಜಾಸ್ತಿ.

ಇನ್ನೊಂದು ಸಾಧ್ಯತೆ ಉಳಿಯಿತು. ರಕ್ತ ಜಾಸ್ತಿಯಾದದ್ದು ವಂಕಿ ಇರುವುದರಿಂದಲ್ಲ, ಜಾರುತ್ತಿರುವುದರಿಂದಲೂ ಇರಬಹುದು. ಹೆರಿಗೆಯಾದಾಗ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಆರು ವಾರದಲ್ಲಿ ನೂರು ಗ್ರಾಮಿಗಿಂತಲೂ ಕಡಿಮೆಗೆ ಕುಗ್ಗುತ್ತದೆ. ಅಷ್ಟು ಹಿಂಡಾಟದಲ್ಲಿ ಹೆರಿಗೆ ದಿನ ಹಾಕಿದ ಕಾಪರ್ ಟಿ ನೂರರಲ್ಲಿ ಸುಮಾರು ಹತ್ತು ಜನರಿಗೆ ಹೊರಬರುತ್ತದೆ. ಅರ್ಧ ಜಾರಿದರೆ ನೋವು, ರಕ್ತ. ಪೂರ್ತಿ ಬಿದ್ದುಹೋದರೆ ಗೊತ್ತೇ ಆಗದೇ ಇರಬಹುದು. ಅದಕ್ಕೇ ಆರನೇ ವಾರದ ತಪಾಸಣೆಯನ್ನು ತಪ್ಪಿಸಬಾರದು. ಕಾಪರ್ ಟಿಯ ತುದಿಗೆ ಕಟ್ಟಿರುವ ದಾರ ಸಿಗದಿದ್ದರೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ಗಂಟೆಗೊಂದು ಪ್ಯಾಡ್ ನೆನೆಯುವುದು, ಜ್ವರ, ಕೆಟ್ಟ ವಾಸನೆ ಇದ್ದರೆ ಕಾಯಬಾರದು. ಮುಟ್ಟು ಒಮ್ಮೆ ಸರಿಯಾಗಿ ಶುರುವಾಗಿ ತಾಮ್ರದ ವಂಕಿ ಇದ್ದೂ ದಿಢೀರನೆ ತಪ್ಪಿದರೆ ಮೊದಲು ಗರ್ಭದ ಪರೀಕ್ಷೆ. ಅಪರೂಪ, ಆದರೆ ಹಾಗೆ ನಿಂತ ಗರ್ಭ, ಗರ್ಭಕೋಶದ ಬದಲು ಅಂಡನಾಳದಲ್ಲಿ ಬೆಳೆಯುವ ಸಂಭವ ಜಾಸ್ತಿ.

ನಾದಿನಿ ತೆಗೆಸಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕತೊಡಗಿದಳು. ಜಾಸ್ತಿ ಹೋದ ದಿನಕ್ಕೆ ಎರಡು ಗೆರೆ, ಕಡಿಮೆ ದಿನಕ್ಕೆ ಒಂದು. ಮೊದಲ ತಿಂಗಳು ಏಳು ದಿನ, ಎರಡನೆಯದು ಮೂವತ್ತೊಂಬತ್ತು ದಿನಕ್ಕೆ ಬಂದು ಮತ್ತೆ ಏಳು, ಆಮೇಲೆ ಆರು. ನಾಲ್ಕನೆಯ ತಿಂಗಳು ಆ ಹಾಳೆಗಳನ್ನೇ ಕಿತ್ತುಕೊಂಡು ಡಾಕ್ಟರ ಹತ್ತಿರ ಹೋದಳು. ಅವರು ದಾರ ನೋಡಿ, ಹಿಮೋಗ್ಲೋಬಿನ್ ಪರೀಕ್ಷೆ ಬರೆದು, ಹಾಳೆಯನ್ನು ತಿರುಗಿಸಿ ಕೇಳಿದರಂತೆ: "ಈ ಹದಿನೆಂಟನೇ ತಾರೀಕಿನ ಮೂರು ಗೆರೆ ಏನು?"

"ಅದು ಅರ್ಧ ಲೀಟರ್ ಜಾಸ್ತಿ ಹಾಲು ತಗೊಂಡದ್ದು ಡಾಕ್ಟ್ರೇ. ಅತ್ತಿಗೆ ಹಾಕಿದ್ದು."